ಸಾಲಿನ ವೇಗ ಯಾರ ಕೈಯಲ್ಲಿ?

ಮೆಲ್ಬರ್ನ್ ನಗರ ಉತ್ತರಕ್ಕೆ ಬೆಳೆಯುತ್ತ ಬೆಳೆಯುತ್ತ ಮುಟ್ಟಿರುವ ಊರುಗಳಲ್ಲಿ ಕ್ರೇಗಿಬರ್ನ್ ಒಂದು. 1872ರಲ್ಲಿ ಅಲ್ಲೊಂದು ರೈಲು ನಿಲ್ದಾಣವಾಯಿತು. ಅದಾದ ಮೇಲೂ ನೂರು ವರ್ಷ ಅದು ಸಿಡ್ನಿಗೆ ಹೋಗುವ ಹ್ಯೂಮ್ ಹೆದ್ದಾರಿಯ ಮೇಲಿನ ಚಿಕ್ಕ ಊರಾಗಿಯೇ ಇತ್ತು. 2007ರಲ್ಲಿ ನಗರದ ವಿದ್ಯುತ್ ರೈಲು ಅಲ್ಲಿಯವರೆಗೆ ಬಂದ ಮೇಲೆ ಬಡಾವಣೆಗಳ ಬೆಳವಣಿಗೆ ಚುರುಕಾಯಿತು. 2021ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ 65 ಸಾವಿರ ಮುಟ್ಟಿತ್ತು. ಭಾರತದಿಂದ ಬಂದು ನೆಲೆಸಿದವರ ದೊಡ್ಡ ಪಾಲು ಇರುವ ಈ ಊರಿನಲ್ಲಿ ಕನ್ನಡದ ಮನೆಗಳೂ ಇವೆ. ಅವರಲ್ಲಿ ಹಲವರಿಗೆ ತಮ್ಮ ಮನೆಯಿಂದ ದಕ್ಷಿಣಕ್ಕೆ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಕಾರ್ಖಾನೆಯೊಂದರ ಹಳೆಯ ಶೆಡ್ಡುಗಳು ಕಂಡಿರುತ್ತವೆ. ಅವುಗಳ ಒಳಗೆ ನಡೆದದ್ದು ಮಾತ್ರ ಗೊತ್ತಿರುವುದು ಕಡಿಮೆ.

ಅದು ಕ್ಯಾಂಪ್‌ಬೆಲ್‌ಫೀಲ್ಡ್‌ನ ಫೋರ್ಡ್ ಕಾರ್ಖಾನೆ. ಪಕ್ಕದ ಊರಿನ ಹೆಸರಿನಿಂದ ಎಲ್ಲರೂ ಅದನ್ನು ಬ್ರಾಡ್‌ಮೆಡೋಸ್ ಎಂದೇ ಕರೆದರು. 1959ರಲ್ಲಿ ತೆರೆದ ಅದರ ಜೋಡಣೆ ಸಾಲಿನಿಂದ 2016ರ ಅಕ್ಟೋಬರ್ 7ರಂದು ಕೊನೆಯ ಫಾಲ್ಕನ್ ಕಾರು ಇಳಿಯಿತು. ಹೆನ್ರಿ ಫೋರ್ಡ್ ಡೆಟ್ರಾಯಿಟ್ ಬಳಿಯ ಹೈಲ್ಯಾಂಡ್ ಪಾರ್ಕ್‌ನಲ್ಲಿ ಕಾರಿನ ಚಾಸಿಯನ್ನು ಚಲಿಸುವ ಸಾಲಿಗೆ ಹತ್ತಿಸಿದ ದಿನವೆಂದು ಹಲವರು ಗುರುತಿಸುವುದು 1913ರ ಅಕ್ಟೋಬರ್ 7ನ್ನು. ನಡುವೆ ಸರಿಯಾಗಿ 103 ವರ್ಷ. ಆ ಅವಧಿಯಲ್ಲಿ ಕನ್ವೇಯರ್ ಎಂಬ ಯಂತ್ರ ಜಗತ್ತಿನ ದುಡಿಮೆಯನ್ನು ಹೇಗೆ ಬದಲಿಸಿತು ಎನ್ನುವುದಕ್ಕೆ ಮೆಲ್ಬರ್ನ್‌ನ ಈ ಉತ್ತರ ಭಾಗದಷ್ಟು ಒಳ್ಳೆಯ ಸಾಕ್ಷಿ ಸಿಗುವುದು ಅಪರೂಪ.

ಸರಕನ್ನು ಮನುಷ್ಯ ಹೊರದೆ ಯಂತ್ರವೇ ಸಾಗಿಸುವ ಉಪಾಯ ಫೋರ್ಡ್‌ಗಿಂತ ಬಹಳ ಹಿಂದಿನದು. ಅಮೆರಿಕದ ಆಲಿವರ್ ಇವಾನ್ಸ್ 1780ರ ದಶಕದಲ್ಲಿಯೇ ಹಿಟ್ಟಿನ ಗಿರಣಿಯೊಂದನ್ನು ರೂಪಿಸಿದ್ದ. ಕಾಳನ್ನು ಮೇಲೆತ್ತಲು ಬಕೆಟ್ಟುಗಳ ಸರಪಣಿ, ಅಡ್ಡಕ್ಕೆ ಸಾಗಿಸಲು ತಿರುಪು. ನೂರು ವರ್ಷ ಕಳೆದು 1890ರ ದಶಕದಲ್ಲಿ ಥಾಮಸ್ ರಾಬಿನ್ಸ್ ಎಂಬಾತ ಎಡಿಸನ್‌ನ ಕಬ್ಬಿಣದ ಅದಿರಿನ ಕಾರ್ಖಾನೆಗಾಗಿ ಗಟ್ಟಿ ರಬ್ಬರ್ ಪಟ್ಟಿಯನ್ನು ಸುಧಾರಿಸಿದ. ಗಣಿ, ಕಲ್ಲಿದ್ದಲು, ಬಂದರು ಎಲ್ಲ ಕಡೆ ಅದು ಹರಡಿತು. ಷಿಕಾಗೋದ ಕಸಾಯಿಖಾನೆಗಳಲ್ಲಿ ಪ್ರಾಣಿಯ ದೇಹ ಮೇಲಿನ ಹಳಿಗೆ ತೂಗುಬಿದ್ದು ಒಬ್ಬ ಕೆಲಸಗಾರನಿಂದ ಇನ್ನೊಬ್ಬನತ್ತ ಸರಿಯುತ್ತಿತ್ತು. ಒಬ್ಬೊಬ್ಬನದೂ ಒಂದೇ ಕಡಿತ. ಫೋರ್ಡ್‌ನ ಎಂಜಿನಿಯರುಗಳು ನೋಡಿ ಕಲಿತದ್ದು ಅದನ್ನು. ಕಳಚುವ ಕೆಲಸದ ಕ್ರಮವನ್ನು ಅವರು ಜೋಡಿಸುವ ಕೆಲಸಕ್ಕೆ ತಂದರು.

ಫಲ ನಂಬಲಾಗದಂತಿತ್ತು. ಒಂದು ಚಾಸಿ ಜೋಡಿಸಲು ಸುಮಾರು ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದದ್ದು ಕೆಲವೇ ತಿಂಗಳಲ್ಲಿ 93 ನಿಮಿಷಕ್ಕೆ ಇಳಿಯಿತು. ಮಾಡೆಲ್ ಟಿ ಕಾರಿನ ಬೆಲೆ ಕುಸಿಯಿತು, ರೈತರೂ ಕಾರು ಕೊಂಡರು. ಈ ಅರ್ಧ ಕಥೆಯನ್ನು ಶಾಲೆಯ ಪುಸ್ತಕಗಳು ಹೇಳುತ್ತವೆ.

ಉಳಿದ ಅರ್ಧ ಇದು: ಆ ಸಾಲಿನಲ್ಲಿ ನಿಲ್ಲಲು ಜನರಿಗೆ ಮನಸ್ಸಾಗಲಿಲ್ಲ. 1913ರಲ್ಲಿ ಹೈಲ್ಯಾಂಡ್ ಪಾರ್ಕ್‌ನಲ್ಲಿ ಕೆಲಸ ಬಿಟ್ಟು ಹೋದವರ ಪ್ರಮಾಣ ವರ್ಷಕ್ಕೆ ಶೇ. 370. ಸುಮಾರು 14 ಸಾವಿರ ಜಾಗಗಳನ್ನು ತುಂಬಿಟ್ಟುಕೊಳ್ಳಲು 50 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ಫೋರ್ಡ್ ದಿನಕ್ಕೆ ಐದು ಡಾಲರ್ ಕೂಲಿ, ಎಂಟು ಗಂಟೆಯ ಪಾಳಿ ಘೋಷಿಸಿದ್ದಕ್ಕೆ ಇದೇ ಮುಖ್ಯ ಕಾರಣ. ಔದಾರ್ಯವೆಂದು ಅದನ್ನು ಹೊಗಳಿದವರು ಬಹಳ. ನಿಜದಲ್ಲಿ ಅದು ಸಾಲಿನ ಮುಂದೆ ಕಾರ್ಮಿಕನನ್ನು ನಿಲ್ಲಿಸಿಕೊಳ್ಳಲು ಕೊಟ್ಟ ಬೆಲೆ. ಕೂಲಿ ದುಪ್ಪಟ್ಟಾಯಿತು, ಕೈಯ ವೇಗವನ್ನು ಗೊತ್ತುಮಾಡುವ ಅಧಿಕಾರ ಮಾತ್ರ ಕಾರ್ಮಿಕನ ಕೈಬಿಟ್ಟು ಹೋಯಿತು. ಅಲ್ಲಿಯವರೆಗೆ ಬಡಗಿ, ಕಮ್ಮಾರ, ಫಿಟ್ಟರ್ ಎಲ್ಲರೂ ಕೆಲಸದ ಬಳಿಗೆ ತಾವೇ ಹೋಗುತ್ತಿದ್ದರು. ಈಗ ಕೆಲಸವೇ ಅವರ ಬಳಿಗೆ ಬರತೊಡಗಿತು, ಅವರು ಸಿದ್ಧರಿದ್ದರೂ ಇಲ್ಲದಿದ್ದರೂ. 1936ರ ‘ಮಾಡರ್ನ್ ಟೈಮ್ಸ್’ ಚಿತ್ರದಲ್ಲಿ ಮಾಲೀಕ ತನ್ನ ಕೋಣೆಯಲ್ಲಿ ಕೂತು ವೇಗ ಹೆಚ್ಚಿಸಲು ಅಪ್ಪಣೆ ಕೊಡುವ ದೃಶ್ಯವಿದೆ. ಚಾರ್ಲಿ ಚಾಪ್ಲಿನ್ ಸಮಸ್ಯೆಯ ಬೇರನ್ನೇ ಹಿಡಿದಿದ್ದ.

ಫೋರ್ಡ್ ಕಂಪನಿ ಆಸ್ಟ್ರೇಲಿಯಾಕ್ಕೆ ಬಂದದ್ದು 1925ರಲ್ಲಿ. ಮೊದಲ ಕಾರುಗಳು ಜೋಡಣೆಯಾದದ್ದು ಗೀಲಾಂಗ್ ಪಟ್ಟಣದ ಒಂದು ಹಳೆಯ ಉಣ್ಣೆ ಗೋದಾಮಿನಲ್ಲಿ. ಎರಡನೆಯ ಮಹಾಯುದ್ಧದ ನಂತರ ಬೇಡಿಕೆ ಏರಿತು, ಮೆಲ್ಬರ್ನ್‌ನ ಉತ್ತರದ ಬಯಲಿನಲ್ಲಿ ಅಗ್ಗವಾಗಿ ಜಾಗ ಸಿಗುತ್ತಿತ್ತು, ಹ್ಯೂಮ್ ಹೆದ್ದಾರಿ ಪಕ್ಕದಲ್ಲೇ ಇತ್ತು. 1959ರಲ್ಲಿ ಕಾರ್ಖಾನೆ ತೆರೆಯಿತು. ಅದೇ ವರ್ಷ ಅದರ ಮಗ್ಗುಲಲ್ಲೇ ಅಪ್‌ಫೀಲ್ಡ್ ರೈಲು ನಿಲ್ದಾಣವೂ ಆಯಿತು. 1960ರಲ್ಲಿ ಫಾಲ್ಕನ್ ಬಂತು. ಸರ್ಕಾರದ ವಸತಿ ಆಯೋಗ ಬ್ರಾಡ್‌ಮೆಡೋಸ್‌ನಲ್ಲಿ ಸಾಲು ಮನೆಗಳನ್ನು ಕಟ್ಟುತ್ತಿದ್ದ ಕಾಲ ಅದು.

ಸಾಲಿನಲ್ಲಿ ನಿಲ್ಲಲು ಜನ ಎಲ್ಲಿಂದ ಬಂದರು? ಇಟಲಿಯಿಂದ, ಗ್ರೀಸ್‌ನಿಂದ, ಯುಗೋಸ್ಲಾವಿಯಾದಿಂದ. 1967ರಲ್ಲಿ ತುರ್ಕಿಯ ಜೊತೆ ಆಸ್ಟ್ರೇಲಿಯಾ ವಲಸೆ ಒಪ್ಪಂದ ಮಾಡಿಕೊಂಡಿತು, ಮರುವರ್ಷದಿಂದ ಅನಾತೋಲಿಯಾದ ಹಳ್ಳಿಗಳ ಜನ ಬಂದಿಳಿದರು. ಬ್ರಾಡ್‌ಮೆಡೋಸ್‌ನಲ್ಲಿ ಇಂದಿಗೂ ತುರ್ಕಿ ಮೂಲದ ಕುಟುಂಬಗಳು ಬಹಳ. ಭಾರತದಿಂದ ಬರುವವರಿಗೆ ಆಗಿನ್ನೂ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. 1901ರಿಂದ ನಡೆದು ಬಂದಿದ್ದ ‘ಬಿಳಿಯ ಆಸ್ಟ್ರೇಲಿಯಾ’ ನೀತಿಯ ಕೊನೆಯ ಕುರುಹುಗಳನ್ನು ಗಾಫ್ ವಿಟ್ಲಮ್ ಸರ್ಕಾರ ತೆಗೆದುಹಾಕಿದ್ದು 1973ರಲ್ಲಿ.

ಆ 1973, ಫೋರ್ಡ್ ಕಾರ್ಖಾನೆಯ ಚರಿತ್ರೆಯಲ್ಲೂ ಮರೆಯಲಾಗದ ವರ್ಷ.

ಮೇ 18ರಂದು ಕಾರ್ಮಿಕರು ಮುಷ್ಕರ ಹೂಡಿದರು. ಸಂಬಳ ಹೆಚ್ಚಿಸಿ ಎನ್ನುವುದು ಬೇಡಿಕೆಯ ಪಟ್ಟಿಯಲ್ಲಿ ಮೇಲಿತ್ತು, ನಿಜ. ಆದರೆ ಜನರ ಎದೆಯೊಳಗೆ ಕುದಿಯುತ್ತಿದ್ದದ್ದು ಸಾಲಿನ ವೇಗ. ಕಾರು ಮುಂದೆ ಸರಿಯುತ್ತಲೇ ಇರುತ್ತದೆ. ಒಂದು ಬೋಲ್ಟ್ ತಪ್ಪಿದರೆ ಅದರ ಹಿಂದೆ ನಡೆಯುತ್ತ ಹೋಗಿ ಬಿಗಿಯಬೇಕು, ಅಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಶೌಚಕ್ಕೆ ಹೋಗಬೇಕಾದರೆ ಬದಲಿಗೆ ನಿಲ್ಲುವ ‘ರಿಲೀಫ್’ ಕೆಲಸಗಾರ ಬರುವವರೆಗೆ ಕಾಯಬೇಕು, ಅಂಥವರ ಸಂಖ್ಯೆ ಸಾಲದು. ಶಬ್ದ, ವೆಲ್ಡಿಂಗ್ ಹೊಗೆ, ಫೋರ್‌ಮನ್‌ನ ಗದರಿಕೆ. ಊರಿನಲ್ಲಿ ಆಲಿವ್ ತೋಟ, ಗೋಧಿ ಹೊಲ ನೋಡಿಕೊಂಡಿದ್ದವರು ಇದಕ್ಕೆ ಒಗ್ಗಿಕೊಳ್ಳಬೇಕಿತ್ತು. ಮನೆಯ ಕಂತು ಕಟ್ಟಬೇಕಾದ್ದರಿಂದ ಒಗ್ಗಿಕೊಂಡರು, ಒಳಗೇ ಕುದಿದರು.

ಇನ್ನೊಂದು ನೋವೂ ಇತ್ತು. ಯೂನಿಯನ್ನಿನ ನಾಯಕರು ಇಂಗ್ಲಿಷ್ ಮಾತಿನವರು, ಸದಸ್ಯರಲ್ಲಿ ಬಹುಪಾಲು ಇಂಗ್ಲಿಷ್ ಸರಿಯಾಗಿ ಬಾರದವರು. ಸಭೆಗಳಲ್ಲಿ ಏನು ನಿರ್ಣಯವಾಯಿತು ಎನ್ನುವುದು ಎಷ್ಟೋ ಸಲ ಪಕ್ಕದವನನ್ನು ಕೇಳಿ ತಿಳಿಯಬೇಕಾಗಿತ್ತು. ಜೂನ್ 11ರ ಸಭೆಯಲ್ಲಿ ನಾಯಕರು ಕೆಲಸಕ್ಕೆ ಮರಳಲು ಶಿಫಾರಸು ಮಾಡಿದರು. ವಿರೋಧದ ಕೂಗು ಎದ್ದರೂ ನಿರ್ಣಯ ಅಂಗೀಕಾರವಾಯಿತೆಂದು ಘೋಷಿಸಿ ಸಭೆ ಮುಗಿಸಿಬಿಟ್ಟರು. ಜೂನ್ 13ರ ಬೆಳಿಗ್ಗೆ ಕೆಲಸ ಶುರುವಾಗಬೇಕಿದ್ದ ಹೊತ್ತಿಗೆ ಕಾರ್ಖಾನೆಯ ಎದುರು ಜನ ಸೇರಿದರು. ಕಚೇರಿಯ ಕಿಟಕಿಗಳ ಗಾಜು ಪುಡಿಯಾಯಿತು. ಕಾರ್ಖಾನೆ ಮತ್ತೆ ಮುಚ್ಚಿತು, ಮುಷ್ಕರ ಜುಲೈವರೆಗೆ ಎಳೆಯಿತು.

ಗಾಜು ಒಡೆದದ್ದನ್ನು ಸಮರ್ಥಿಸಬೇಕಾಗಿಲ್ಲ. ಆದರೆ ಅದನ್ನು ಬರೀ ಗಲಭೆ ಎಂದು ಬದಿಗಿಡುವುದು ತಪ್ಪಾದೀತು. ಮಾತು ಕೇಳುವವರು ಇಲ್ಲದಾಗ, ಕೈ ಎತ್ತಿದರೂ ಎಣಿಸುವವರು ಇಲ್ಲದಾಗ ಹುಟ್ಟಿದ ಸಿಟ್ಟು ಅದು. ಕಂಪನಿಯಷ್ಟೇ ಹೊಣೆ ಯೂನಿಯನ್ನಿನ ನಾಯಕತ್ವದ್ದೂ ಆಗಿತ್ತು.

ಸಂಬಳದ ಲೆಕ್ಕದಲ್ಲಿ ಕಾರ್ಮಿಕರಿಗೆ ದಕ್ಕಿದ್ದು ಹೆಚ್ಚಲ್ಲ. ಆದರೆ ಆ ಮುಷ್ಕರದ ನಂತರ ಮೆಲ್ಬರ್ನ್‌ನಲ್ಲಿ ವಲಸಿಗ ಕಾರ್ಮಿಕರನ್ನು ಕಾಣದಂತೆ ಇರುವುದು ಯಾರಿಗೂ ಸಾಧ್ಯವಾಗಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ನಗರದಲ್ಲಿ ವಲಸಿಗ ಕಾರ್ಮಿಕರ ಸಮಾವೇಶ ನಡೆಯಿತು. ದುಭಾಷಿಗಳು ಬೇಕು, ನೋಟಿಸುಗಳು ನಮ್ಮ ಭಾಷೆಗಳಲ್ಲಿ ಇರಬೇಕು ಎನ್ನುವ ಬೇಡಿಕೆಗೆ ಬಲ ಬಂತು. 1975ರಲ್ಲಿ ಸಿಡ್ನಿ ಮತ್ತು ಮೆಲ್ಬರ್ನ್‌ಗಳಲ್ಲಿ ವಲಸಿಗರ ಭಾಷೆಗಳಿಗಾಗಿ 2ಇಎ, 3ಇಎ ಎಂಬ ಬಾನುಲಿ ಕೇಂದ್ರಗಳು ಶುರುವಾದವು. ಸರ್ಕಾರದ ಹೊಸ ಆರೋಗ್ಯ ವಿಮೆಯ ವಿಷಯವನ್ನು ಜನರಿಗೆ ಅವರವರ ಮಾತಿನಲ್ಲಿ ತಿಳಿಸುವುದು ಮೊದಲ ಉದ್ದೇಶ. ಅವೇ ಮುಂದೆ ಎಸ್‌ಬಿಎಸ್ ರೇಡಿಯೊ ಆಗಿ ಬೆಳೆದವು. ಇವತ್ತು ಅದೇ ಸಂಸ್ಥೆಯಲ್ಲಿ ಕನ್ನಡ ಕಾರ್ಯಕ್ರಮವೂ ಇದೆ. ಕನ್ನಡಿಗರಿಗೆ ಸಿಕ್ಕಿರುವ ಈ ಸೌಲಭ್ಯದ ಹಿಂದೆ, ಭಾಷೆ ಬಾರದೆ ಒದ್ದಾಡಿದ ಆ ತಲೆಮಾರಿನ ಹಕ್ಕೊತ್ತಾಯವಿದೆ.

ಫೋರ್ಡ್ ಸಾಲಿಗೆ ಉತ್ತರವೆಂಬಂತೆ ಜಪಾನಿನಲ್ಲಿ ಇನ್ನೊಂದು ಪದ್ಧತಿ ಬೆಳೆದಿತ್ತು. ಟೊಯೋಟ ಕಾರ್ಖಾನೆಗಳಲ್ಲಿ ಸಾಲಿನ ಉದ್ದಕ್ಕೂ ಒಂದು ಹಗ್ಗವಿರುತ್ತದೆ, ಅದರ ಹೆಸರು ಆಂಡಾನ್ ಹಗ್ಗ. ತಪ್ಪು ಕಂಡ ಯಾವ ಕಾರ್ಮಿಕನಾದರೂ ಅದನ್ನು ಎಳೆಯಬಹುದು. ಮೇಲ್ವಿಚಾರಕ ಓಡಿ ಬರುತ್ತಾನೆ, ಸರಿಪಡಿಸಲಾಗದಿದ್ದರೆ ಸಾಲೇ ನಿಲ್ಲುತ್ತದೆ. ಕಾರ್ಮಿಕನ ಕಣ್ಣು, ಬುದ್ಧಿಗೆ ಇದರಲ್ಲಿ ಬೆಲೆಯಿದೆ, ಅದನ್ನು ಒಪ್ಪಲೇಬೇಕು. ಆದರೆ ಒಂದು ಕಾರಿಗೆ ಎಷ್ಟು ಸೆಕೆಂಡು ಎನ್ನುವ ‘ಟ್ಯಾಕ್ಟ್ ಟೈಮ್’ ಮಾರುಕಟ್ಟೆಯ ಬೇಡಿಕೆಯಿಂದ, ಆಡಳಿತದ ಲೆಕ್ಕದಿಂದ ನಿಗದಿಯಾಗುತ್ತದೆ. ಹಗ್ಗ ಎಳೆದು ಸಾಲನ್ನು ನಿಲ್ಲಿಸಬಹುದು, ಅದರ ನಡಿಗೆಯನ್ನು ನಿಧಾನಿಸಲಾಗದು.

ಈ ವ್ಯತ್ಯಾಸ ಏನೆಂದು ತಿಳಿಯಲು ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಗೆ ಬರಬೇಕು. ಟೊಯೋಟ ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾದದ್ದು 1997ರಲ್ಲಿ. 1999ರ ಕೊನೆಗೆ ಬಿಡದಿಯಲ್ಲಿ ಕ್ವಾಲಿಸ್ ತಯಾರಿ ಶುರುವಾಯಿತು. ತಟ್ಟೆ ಇಡ್ಲಿಗೆ ಹೆಸರಾಗಿದ್ದ ಊರು ಕಾರಿಗೆ ಹೆಸರಾಯಿತು. 2007ರಲ್ಲಿ ಕಂಪನಿ ಅಲ್ಲಿಯೇ ತರಬೇತಿ ಸಂಸ್ಥೆ ತೆರೆದು, ಕರ್ನಾಟಕದ ಹಳ್ಳಿಗಳ ಬಡ ಮನೆಯ ಹುಡುಗರನ್ನು ಆರಿಸಿ ಕಲಿಸತೊಡಗಿತು. ಅದು ನಿಜವಾಗಿಯೂ ಒಳ್ಳೆಯ ಕೆಲಸ. ಆದರೂ 2006ರ ಜನವರಿಯಲ್ಲಿ, 2014ರ ಮಾರ್ಚ್‌ನಲ್ಲಿ ಅಲ್ಲಿ ಬೀಗಮುದ್ರೆಯಾಯಿತು. 2020ರ ನವೆಂಬರ್ 9ರಂದು ಯೂನಿಯನ್ ಪದಾಧಿಕಾರಿಯೊಬ್ಬರ ಅಮಾನತನ್ನು ವಿರೋಧಿಸಿ ಕಾರ್ಮಿಕರು ಧರಣಿ ಕೂತರು, ಮರುದಿನವೇ ಬೀಗಮುದ್ರೆ ಘೋಷಣೆಯಾಯಿತು. ಮೂರು ಸಾವಿರಕ್ಕೂ ಹೆಚ್ಚು ಜನ ಗೇಟಿನ ಹೊರಗೆ ಉಳಿದರು. ಕೆಲಸದ ಹೊರೆ ಸಹಿಸಲಾಗದ ಮಟ್ಟ ಮುಟ್ಟಿದೆ, ಸಾಲಿನಲ್ಲಿ ಉಸಿರಾಡಲೂ ಬಿಡುವಿಲ್ಲ ಎನ್ನುವುದು ಅವರ ದೂರು. ಆಡಳಿತ ವರ್ಗ ಅದನ್ನು ಒಪ್ಪಲಿಲ್ಲ, ಅದರ ಪ್ರಕಾರ ಪ್ರಶ್ನೆ ಶಿಸ್ತಿನದು. 2021ರ ಜನವರಿಯಲ್ಲಿ ಬೀಗ ತೆರೆಯಿತು, ಮುಷ್ಕರ ಪೂರ್ತಿ ಮುಗಿಯಲು ಇನ್ನೂ ಕೆಲವು ವಾರ ಹಿಡಿಯಿತು.

ಬ್ರಾಡ್‌ಮೆಡೋಸ್‌ಗೂ ಬಿಡದಿಗೂ ನಡುವೆ 47 ವರ್ಷ, ಒಂದು ಸಾಗರ. ಅಲ್ಲಿನ ತುರ್ಕಿ ರೈತನ ಮಗ, ಇಲ್ಲಿನ ಮಾಗಡಿ, ಮಂಡ್ಯ ಕಡೆಯ ರೈತನ ಮಗ ಇಬ್ಬರೂ ಹೇಳಿದ್ದು ಒಂದನ್ನೇ: ಸಾಲು ಜೋರಾಗಿದೆ.

ಇದೇ 2020ರ ಡಿಸೆಂಬರ್ 12ರ ನಸುಕಿನಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯ ಗಾಜುಗಳೂ ಪುಡಿಯಾದವು. ರಾತ್ರಿ ಪಾಳಿ ಮುಗಿಸಿ ಹೊರಬಂದವರ ಸಿಟ್ಟು ಅದು. ಅವರಲ್ಲಿ ಹೆಚ್ಚಿನವರು ಗುತ್ತಿಗೆದಾರರ ಮೂಲಕ ಬಂದ ಹಳ್ಳಿಯ ಯುವಕ ಯುವತಿಯರು, ಡಿಪ್ಲೊಮಾ, ಪದವಿ ಓದಿದವರು. ಆಮೇಲೆ ತನಿಖೆ ಮಾಡಿದ ಕಾರ್ಖಾನೆಗಳ ಇಲಾಖೆ, ಕಾರ್ಮಿಕರ ಸಂಖ್ಯೆ ಕೆಲವೇ ತಿಂಗಳಲ್ಲಿ ಐದು ಸಾವಿರದಿಂದ ಹತ್ತು ಸಾವಿರದ ಮೇಲಕ್ಕೆ ಏರಿದ್ದನ್ನೂ, ಎಂಟು ಗಂಟೆಯ ಪಾಳಿ ಹನ್ನೆರಡಕ್ಕೆ ಹಿಗ್ಗಿದ್ದನ್ನೂ, ಸಂಬಳದ ಲೆಕ್ಕ ಸರಿಯಿಲ್ಲದಿರುವುದನ್ನೂ ಗುರುತಿಸಿತು. ಆಪಲ್ ಕಂಪನಿ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. 2023ರಲ್ಲಿ ಕಾರ್ಖಾನೆ ಟಾಟಾ ಸಮೂಹದ ಪಾಲಾಯಿತು. ಅದೇ 2023ರ ಫೆಬ್ರವರಿಯಲ್ಲಿ ಕರ್ನಾಟಕ ವಿಧಾನಮಂಡಲ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯ ದುಡಿಮೆಗೆ ದಾರಿ ಮಾಡಿತು. ನರಸಾಪುರದಲ್ಲಿ ದೂರಾಗಿದ್ದದ್ದು ಮೂರೇ ವರ್ಷದೊಳಗೆ ಕಾನೂನಿನ ಒಪ್ಪಿಗೆ ಪಡೆಯಿತು. ಇದು ತಪ್ಪು ಹೆಜ್ಜೆ. ಎಂಟು ಗಂಟೆ ಸಾಲಿನ ಮುಂದೆ ನಿಂತ ಮೈ ಒಂಬತ್ತನೆಯ ಗಂಟೆಯಲ್ಲಿ ಅದೇ ಮೈಯಾಗಿರುವುದಿಲ್ಲ.

ಆಸ್ಟ್ರೇಲಿಯಾದ ಕಾರು ಕಾರ್ಖಾನೆಗಳು ಒಂದಾದ ಮೇಲೊಂದು ಮುಚ್ಚಿದವು. ಫೋರ್ಡ್ 2016ರಲ್ಲಿ, ಮೆಲ್ಬರ್ನ್‌ನ ಪಶ್ಚಿಮಕ್ಕಿರುವ ಆಲ್ಟೋನದ ಟೊಯೋಟ 2017ರ ಅಕ್ಟೋಬರ್ 3ರಂದು, ಅಡಿಲೇಡ್ ಬಳಿಯ ಹೋಲ್ಡನ್ ಅದೇ ತಿಂಗಳ 20ರಂದು. ಆಲ್ಟೋನದಲ್ಲಿ ತಯಾರಾಗುತ್ತಿದ್ದ ಕ್ಯಾಮ್ರಿ ಕಾರು ಬಿಡದಿಯಲ್ಲೂ ಜೋಡಣೆಯಾಗುತ್ತದೆ. ಬ್ರಾಡ್‌ಮೆಡೋಸ್‌ನ ಜಾಗವನ್ನು 2019ರಲ್ಲಿ ಪೆಲಿಗ್ರ ಎಂಬ ಸಮೂಹ ಕೊಂಡು, ಹಳೆಯ ಶೆಡ್ಡುಗಳನ್ನು ಬೇರೆ ಬೇರೆ ಉದ್ಯಮಗಳಿಗೆ ಬಾಡಿಗೆ ಕೊಡಲು ಮುಂದಾಯಿತು. ಇಷ್ಟಾದ ಮೇಲೆ ಕನ್ವೇಯರ್‌ನ ಕಥೆ ಮೆಲ್ಬರ್ನ್‌ನ ಉತ್ತರದಲ್ಲಿ ಮುಗಿಯಿತು ಎಂದುಕೊಂಡರೆ ಅದು ಸರಿಯಲ್ಲ. ಅದು ಕಾರು ಬಿಟ್ಟು ಪಾರ್ಸೆಲ್ ಹೊರತೊಡಗಿದೆ, ಅಷ್ಟೇ. ಹ್ಯೂಮ್ ಹೆದ್ದಾರಿಯ ಎರಡೂ ಬದಿಗೆ ಗೋದಾಮುಗಳು ಎದ್ದಿವೆ. ಕ್ರೇಗಿಬರ್ನ್‌ನಲ್ಲಿಯೇ ಅಮೆಜಾನ್ ಕಂಪನಿ ನಾಲ್ಕು ಅಂತಸ್ತಿನ, ಎರಡು ಲಕ್ಷ ಚದರ ಮೀಟರ್ ಮೀರಿದ ರೋಬೋಟ್ ಗೋದಾಮಿಗೆ ಜಾಗ ಆರಿಸಿಕೊಂಡಿತು. ಅಂಥ ಕಡೆ ಕಪಾಟನ್ನು ರೋಬೋಟ್ ಹೊತ್ತು ತರುತ್ತದೆ, ಕೆಲಸಗಾರ ನಿಂತಲ್ಲೇ ಎತ್ತಿ ಬುಟ್ಟಿಗೆ ಹಾಕುತ್ತಾನೆ, ಬುಟ್ಟಿ ಪಟ್ಟಿಯ ಮೇಲೆ ಸಾಗುತ್ತದೆ. ಫೋರ್‌ಮನ್‌ನ ಬದಲು ಲೆಕ್ಕ ಇಡುವುದು ಕಂಪ್ಯೂಟರ್.

2024ರ ನವೆಂಬರ್ 21ರಂದು ವೂಲ್‌ವರ್ತ್ಸ್ ಅಂಗಡಿಗಳಿಗೆ ಸರಕು ಕಳಿಸುವ ಗೋದಾಮುಗಳಲ್ಲಿ ಮುಷ್ಕರ ಶುರುವಾಯಿತು. ವಿಕ್ಟೋರಿಯಾದ ಲಾವರ್ಟನ್, ಡ್ಯಾಂಡಿನಾಂಗ್ ಸೌತ್, ಬಾರ್ನವಾರ್ಥಾ, ಸಿಡ್ನಿಯ ಅರ್ಸ್ಕಿನ್ ಪಾರ್ಕ್: ಒಟ್ಟು 1,500ಕ್ಕೂ ಹೆಚ್ಚು ಕಾರ್ಮಿಕರು. ಸಂಬಳದ ಜೊತೆಗೆ ಅವರ ಮುಖ್ಯ ಆಕ್ಷೇಪ ಒಂದು ಅಳತೆಯ ವ್ಯವಸ್ಥೆಯ ಮೇಲಿತ್ತು. ಒಂದೊಂದು ಸರಕು ಎತ್ತಲು ಇಷ್ಟು ಸಮಯವೆಂದು ಅದು ಲೆಕ್ಕ ಹಾಕುತ್ತದೆ, ನಿಧಾನವಾದವರ ಮೇಲೆ ಕ್ರಮದ ತೂಗುಗತ್ತಿ. ಅಂಗಡಿಗಳ ಕಪಾಟು ಖಾಲಿಯಾದವು. 14 ಕೋಟಿ ಡಾಲರಿನಷ್ಟು ವ್ಯಾಪಾರ ಹೋಯಿತೆಂದು ಕಂಪನಿಯೇ ಹೇಳಿತು. ಹದಿನೇಳು ದಿನದ ನಂತರ ಒಪ್ಪಂದವಾಯಿತು. ಬರೀ ವೇಗ ಸಾಲದು ಎನ್ನುವ ಕಾರಣಕ್ಕೆ ಯಾರ ಮೇಲೂ ಶಿಸ್ತುಕ್ರಮ ಇಲ್ಲ ಎನ್ನುವ ಭರವಸೆಯನ್ನು ಕಾರ್ಮಿಕರು ಪಡೆದುಕೊಂಡರು. 1973ರಲ್ಲಿ ಹ್ಯೂಮ್ ಹೆದ್ದಾರಿಯ ಬದಿಯಲ್ಲಿ ಕೇಳಿದ ಪ್ರಶ್ನೆಗೆ ಅರ್ಧ ಉತ್ತರವಾದರೂ ಸಿಕ್ಕಲು ಅರ್ಧ ಶತಮಾನ ಬೇಕಾಯಿತು.

ಆ ಪ್ರಶ್ನೆ ಕೇಳಿದವರಲ್ಲಿ ಆಗ ಇಪ್ಪತ್ತೈದರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ಅವರಲ್ಲಿ ಹಲವರು ಇನ್ನೂ ಮೆಲ್ಬರ್ನ್‌ನ ಉತ್ತರ ಭಾಗದಲ್ಲೇ, ಕನ್ನಡ ಕುಟುಂಬಗಳ ಅಕ್ಕಪಕ್ಕದ ಬೀದಿಗಳಲ್ಲೇ ಇದ್ದಾರೆ. ಮೆಲ್ಬರ್ನ್ ಕನ್ನಡ ಸಂಘದಂಥ ಸಂಸ್ಥೆಗಳು ಯುಗಾದಿ, ರಾಜ್ಯೋತ್ಸವಗಳ ಜೊತೆಗೆ ಇದನ್ನೂ ಒಂದು ಕೆಲಸವಾಗಿ ಎತ್ತಿಕೊಳ್ಳಬೇಕು: ಆ ಹಿರಿಯರ ಬಳಿ ಕೂತು ಅವರ ಮಾತನ್ನು ಧ್ವನಿಮುದ್ರಿಸಿ ಕನ್ನಡಕ್ಕೆ ತರಬೇಕು. ಇಲ್ಲಿ ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಬಿಡದಿ, ನರಸಾಪುರಗಳ ಕಾರ್ಮಿಕರ ಮಾತನ್ನು ದಾಖಲಿಸಲು ಇನ್ನು ತಡಮಾಡಬಾರದು.